ರಂಜಣಗಿಯಲ್ಲಿ ನಿನ್ನೆಯ ನೀರು

ಆ ಭಾನುವಾರದ ಸೊಸೈಟಿ ಮೀಟಿಂಗಿನಲ್ಲಿ ಏನೇನು ಕೆಡಬಹುದಿತ್ತು ಎಂಬುದನ್ನು ನಾನು ಒಂದು ವಾರ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಪಾರ್ಕಿಂಗಿನಲ್ಲಿ ಹಾಕುವ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು ಚೇರ್ಮನ್ನರು ಬೀಳಬಹುದಿತ್ತು. ನೀರಿನ ದರ, ಗಟಾರದ ದರ ಎರಡೂ ಏರಿದ ಸುದ್ದಿ ಕೇಳಿ ಮೂರನೇ ಮಹಡಿಯ ನಿವೃತ್ತ ಫೋರ್‌ಮನ್ನರ ಬಿ.ಪಿ. ಏರಬಹುದಿತ್ತು, ಆಂಬುಲೆನ್ಸ್ ಬಂದರೆ ಗೇಟಿಗೆ ಅಡ್ಡ ನಿಂತ ಸ್ಕೂಟರ್ ನನ್ನದೇ ಆಗಿರಬಹುದಿತ್ತು. ಪಾಲಿಕೆಯ ಪತ್ರದ ಮೂರು ಝೆರಾಕ್ಸ್ ಮಾಡಿಸಿ ಮೂರು ಕಡೆ ಇಟ್ಟಿದ್ದೆ, ಮೂರೂ ಕಡೆ ಮರೆತುಹೋಗಬಹುದಿತ್ತು. ಇಷ್ಟು ವರ್ಷ ಪುಣೆಯಲ್ಲಿದ್ದರೂ ಸಿಟ್ಟು ಬಂದಾಗ ಕುಂಟುವ ನನ್ನ ಮರಾಠಿ ನಡುದಾರಿಯಲ್ಲಿ ಕೈಕೊಡಬಹುದಿತ್ತು. ಫೆಬ್ರುವರಿಯಲ್ಲಿ ಮಳೆ ಬರಬಹುದಿತ್ತು. ಅದಕ್ಕೂ ಒಂದು ಛತ್ರಿ ತೆಗೆದಿಟ್ಟಿದ್ದೆ.

ಮತ್ತೆ, ಯಾರಾದರೂ ಒಬ್ಬರು ಗೇಟಿನ ಕಡೆ ಬೆರಳು ಮಾಡಿ, "ಮೊದಲು ಆ ರಂಜಣಗಿ ತೆಗೀರಿ" ಅನ್ನಬಹುದಿತ್ತು.

ಉಳಿದ ಚಿಂತೆಗಳೆಲ್ಲ ಈ ಒಂದರ ಮೇಲೆ ಹೊದಿಸಿದ ಹಳೇ ಚಾದರಗಳು.

ರಂಜಣಗಿ ಅಂದರೆ ನೀರಿನ ದೊಡ್ಡ ಮಣ್ಣಿನ ಮಡಕೆ. ನಮ್ಮ ಕಟ್ಟಡದ ಗೇಟಿನ ಪಕ್ಕ, ಬೇವಿನ ಮರದ ಕೆಳಗೆ, ಉಸುಕಿನಲ್ಲಿ ಅರ್ಧ ಹೂತು ಕೂತಿದೆ. ಮೇಲೊಂದು ಕಟ್ಟಿಗೆಯ ಮುಚ್ಚಳ, ಮುಚ್ಚಳದ ಮೇಲೆ ಬೋರಲು ಹಾಕಿದ ಸ್ಟೀಲಿನ ತಂಬಿಗೆ. ಇಟ್ಟವಳು ಅವ್ವ. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದವಳು, ಬಂದ ವರ್ಷದ ಬೇಸಿಗೆಯಲ್ಲೇ ಇದನ್ನು ಕುಂಬಾರರ ಓಣಿಯಿಂದ ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದಳು. ದಾರಿಹೋಕರು ಯಾರು ಬೇಕಾದರೂ ಕುಡಿಯಬಹುದು. ಆದರೆ ಅದು ನಿಜವಾಗಿ ಇದ್ದದ್ದು ಒಬ್ಬಳಿಗಾಗಿ: ನಮ್ಮ ರಸ್ತೆ ಗುಡಿಸುವ ಹೆಂಗಸಿಗೆ. ಆರಕ್ಕೆ ಮೊದಲೇ ಅವಳ ಪಾಳಿ ಶುರು. ಚಹಾದ ಗಾಡಿ ಬಾಗಿಲು ತೆಗೆಯುವತನಕ ಈ ಉದ್ದನೆಯ ರಸ್ತೆಯಲ್ಲಿ ಅವಳಿಗೆ ಕುಡಿಯಲು ಇನ್ನೊಂದು ಹನಿ ನೀರಿಲ್ಲ. ರಂಜಣಗಿ ಹೋದರೆ ನನಗೆ ಅವ್ವನ ಒಂದು ಮಡಕೆ ಹೋದಂತೆ; ಅವಳಿಗೆ ಬೆಳಗಿನ ನೀರೇ ಹೋದಂತೆ.

ಅವ್ವನಿಗೆ ಒಂದು ಕಟ್ಟಳೆಯಿತ್ತು. ಬೆಳಿಗ್ಗೆ ನಳ ಬಂದ ಕೂಡಲೇ ರಂಜಣಗಿಯಲ್ಲಿ ಉಳಿದಿದ್ದ ನಿನ್ನೆಯ ನೀರನ್ನೆಲ್ಲ ಬಕೀಟಿಗೆ ತೋಡಿ ಬೇವಿನ ಬುಡಕ್ಕೆ ಸುರಿದು, ಒಳಗೆ ಕೈಯಾಡಿಸಿ ತೊಳೆದು, ಹೊಸದನ್ನು ತುಂಬಬೇಕು. ನೀರು ಎಷ್ಟು ಚೊಕ್ಕವಾಗಿದ್ದರೂ ಸರಿ, ಮಡಕೆಯ ಮುಕ್ಕಾಲು ಉಳಿದಿದ್ದರೂ ಸರಿ. ತಂಗಳು ಅಂದರೆ ತಂಗಳು. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಹುಟ್ಟಿ, ಏಳನೇ ದಿನದ ನೀರನ್ನು ಧೋತರದ ಬಟ್ಟೆಯಲ್ಲಿ ಸೋಸಿ ಕುಡಿದು ಬೆಳೆದವಳು ಹೀಗೆ ಚೆಲ್ಲುವುದು ನನಗೆ ವಿಚಿತ್ರ ಕಾಣುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ.

"ಅದಕ್ಕ ಚೆಲ್ಲತೀನಿ ತಮ್ಮಾ," ಅಂದಳು. "ದಿನಾ ನಳ ಬರೋ ಊರಾಗ ಇದ್ದು, ನಿನ್ನೇದನ್ನ ಇನ್ನೊಬ್ಬರಿಗೆ ಕುಡಸಲೇನು? ಆಕಿ ಕೈಯಾಗ ಎಲ್ಲಾರೂ ನಿನ್ನೇದನ್ನ ಹಾಕ್ತಾರ. ನಿನ್ನೀ ಚಪಾತಿ, ನಿನ್ನೀ ಪಲ್ಯಾ. ನೀರಾದ್ರೂ ಇವತ್ತಿಂದು ಇರ್ಲಿ."

ಅದು ನಿಜವೇ. ಕಟ್ಟಡದ ಪ್ರತಿ ಮನೆಯಿಂದಲೂ ಒಂದು ಪ್ಲಾಸ್ಟಿಕ್ ಚೀಲ ಅವಳ ಕೈಗೆ ಹೋಗುತ್ತಿತ್ತು, ನಮ್ಮ ಮನೆಯಿಂದಲೂ. ಯಾರೂ ಕೆಟ್ಟ ಮನಸ್ಸಿನಿಂದ ಕೊಡುತ್ತಿರಲಿಲ್ಲ. ಅವಳೂ ನಗುತ್ತಲೇ ತೆಗೆದುಕೊಳ್ಳುತ್ತಿದ್ದಳು. ಅವಳ ಗಂಡ ಗಟಾರದ ಕೆಲಸದವನು. ರಸ್ತೆ ನಡುವಿನ ಚೇಂಬರುಗಳಿಗೆ ಇಳಿಯುತ್ತಿದ್ದವನು, ಕೆಮ್ಮಿ ಕೆಮ್ಮಿ ಒಂದು ಮಳೆಗಾಲದಲ್ಲಿ ಹೋಗಿಬಿಟ್ಟ. ಆ ಮೇಲೆ ಅವಳು ನೀರು ಕುಡಿಯುವಾಗ ಅವ್ವ ಗೇಟಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಇವಳಿಗೆ ಮರಾಠಿ ಅರ್ಧ, ಅವಳಿಗೆ ಕನ್ನಡ ಸೊನ್ನೆ. ಹೊಸ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಇರುತ್ತದಲ್ಲ, ಮೊದಮೊದಲು ಅವಳು ಮೂಗು ಮುರಿದಾಗ ಅವ್ವ ಕೈಸನ್ನೆ ಮಾಡಿ ಹೇಳಿಕೊಟ್ಟಿದ್ದಳು: ವಾಸನೆ ಬಂದರೆ ಇವತ್ತಿನದು ಅಂತ ತಿಳಿ.

ಅವ್ವ ಹೋಗಿ ಈಗ ಎರಡನೇ ಚಳಿಗಾಲ. ರಂಜಣಗಿಯ ಕೆಲಸ ನನ್ನ ಪಾಲಿಗೆ ಬಂತು. ಹೆದರುಪುಕ್ಕಲನ ಮಾತು ಅಂತ ನಗಬೇಡಿ: ಪ್ರತಿದಿನ ಬೆಳಿಗ್ಗೆ, ನಾನಿನ್ನೂ ಹಾಸಿಗೆಯಲ್ಲಿದ್ದಾಗಲೇ, ಕೆಳಗೆ ನೀರು ಸುರಿದ ಸದ್ದು ಕೇಳುತ್ತದೆ. ಮೊದಲು 'ಧಬ್' ಅಂತ ಒಂದು ದಪ್ಪ ಸದ್ದು, ಹಿಂದೆ ಮಣ್ಣು ಕುಡಿಯುವ ಸಣ್ಣ ಸದ್ದು. ಎದ್ದು ಓಡಿ ಕೆಳಗಿಳಿದರೆ ಬೇವಿನ ಬುಡ ಒಣಗಿರುತ್ತದೆ, ರಂಜಣಗಿಯಲ್ಲಿ ನಿನ್ನೆಯ ನೀರು ಹಾಗೇ ಇರುತ್ತದೆ. ಆಮೇಲೆ ನಾನೇ ಸುರಿದು, ಕೇಳಿದ್ದನ್ನು ನಿಜ ಮಾಡಿ ಮೇಲೆ ಬರುತ್ತೇನೆ. ಹೆಂಡತಿಗೆ ಹೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಲೇ, "ಅತ್ತಿಯವರಿಗೆ ನಿಮ್ಮ ಮ್ಯಾಲೆ ಭರವಸೆ ಇಲ್ರಿ. ಅಲಾರಾಂ ಇಟ್ಟ ಹೋಗ್ಯಾರ," ಅಂದಳು. ನಕ್ಕೆವು. ನಗು ಮುಗಿದ ಮೇಲೂ ಇಬ್ಬರೂ ಕೆಲಹೊತ್ತು ಕೆಳಗಿನ ಗೇಟಿನ ಕಡೆಗೇ ಕಿವಿ ಇಟ್ಟಿದ್ದೆವು.

ಹೀಗಿರುವಾಗ ಮೀಟರು ಬಂತು. ಪಾಲಿಕೆಯವರು ಮುಖ್ಯ ನಳಕ್ಕೆ ಒಂದು ನೀಲಿ ಮೀಟರು ಕೂರಿಸಿ ಹೋದರು. ಹಿಂದೆಯೇ ದರ ಏರಿಸಿದ ಪತ್ರ. ನಾನು ಸೊಸೈಟಿಯ ಸೆಕ್ರೆಟರಿ. ಆಯ್ಕೆಯ ದಿನ ನಾನು ಹಲ್ಲುನೋವಿನಿಂದ ಮೀಟಿಂಗಿಗೆ ಹೋಗಿರಲಿಲ್ಲ. ಬರದವರನ್ನೇ ಸೆಕ್ರೆಟರಿ ಮಾಡುವುದು ಈ ಊರಿನ ಎಲ್ಲ ಸೊಸೈಟಿಗಳ ಪದ್ಧತಿ. ಗೇಟಿನ ನಳದ ನೀರು ಕೂಡ ಈ ಮೀಟರನ್ನು ದಾಟಿಯೇ ಬರಬೇಕು. ರಂಜಣಗಿ ತುಂಬುವಾಗ ಗಾಜಿನೊಳಗಿನ ಕೆಂಪು ಚಕ್ರ ತಿರುಗುವುದನ್ನು ನಾನು ದಿನಾ ಬಗ್ಗಿ ನೋಡತೊಡಗಿದೆ. "ಜಾತಕಾ ಕೂಡಸ್ಲಿಕ್ಕೆ ಹೊಂಟಾರೇನು ಅನ್ನೂಹಂಗ ನೋಡ್ತೀರಲ್ರಿ ಅದನ್ನ," ಅಂದಳು ಹೆಂಡತಿ. ಒಂದು ಬೆಳಿಗ್ಗೆ ಎಲ್ಲ ನಳಗಳೂ ಬಂದ್ ಆಗಿದ್ದರೂ ಚಕ್ರ ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು. ಪ್ಲಂಬರನನ್ನು ಕೇಳಿದೆ. ಲೈನಿನಲ್ಲಿ ಗಾಳಿ ಇದ್ದರೆ ಹಾಗಾಗುತ್ತದಂತೆ. ಗಾಳಿ ಅಂದರೆ ನಮ್ಮ ಕಡೆ ಏನೆಂದು ಆ ಪಾಪದವನಿಗೆ ಗೊತ್ತಿರಲಿಲ್ಲ.

ದರ ಯಾಕೆ ಏರಿತು ಅಂತ ಜನ ನನ್ನನ್ನೇ ಕೇಳುತ್ತಾರೆ. ಅದಕ್ಕೇ ರಜೆ ಹಾಕಿ ವಾರ್ಡ್ ಆಫೀಸಿಗೆ ಹೋದೆ. ಅಲ್ಲಿದ್ದ ಇಂಜಿನಿಯರ್ ಬಾಯಿ, ನಡುವಯಸ್ಸಿನ ಹೆಣ್ಣುಮಗಳು, ಜಗಳಕ್ಕೆ ಬಂದವನೆಂದು ಮೊದಲು ಕನ್ನಡಕ ಏರಿಸಿದರು. ತಿಳಿದುಕೊಳ್ಳಲು ಬಂದವನೆಂದು ಗೊತ್ತಾಗಿ ಇಳಿಸಿದರು. ಒಂದು ಹಳೇ ಫಾರ್ಮಿನ ಹಿಂಬದಿಯಲ್ಲಿ ಅಣೆಕಟ್ಟು, ಪಂಪು, ಟಾಕಿ, ಒಂದು ಪುಟ್ಟ ಮನೆ ಬರೆದು ತೋರಿಸಿದರು. ಊರು ಗುಡ್ಡ ಹತ್ತುತ್ತಿದೆ, ನೀರನ್ನೂ ಹತ್ತಿಸಬೇಕು; ಪಂಪಿನ ಕರೆಂಟು ದುಬಾರಿಯಾಗಿದೆ. ರಸ್ತೆಯ ಕೆಳಗಿನ ಕೊಳವೆಗಳು ನನಗಿಂತ ಹಿರಿಯವು. ಶುದ್ಧ ಮಾಡಿದ ನೀರು ಮನೆ ಮುಟ್ಟುವ ಮೊದಲೇ ಮಣ್ಣು ಸೇರುತ್ತದೆ, ಅಗೆದು ಬದಲಿಸಬೇಕು. ಆಮೇಲೆ ಆ ಮನೆಯಿಂದ ಹೊರಕ್ಕೆ ಒಂದು ಬಾಣ ಎಳೆದರು.

"ಇಷ್ಟು ದಿನ ಈ ಬಾಣದ ಲೆಕ್ಕವನ್ನು ಯಾರೂ ಕೇಳಲಿಲ್ಲ ಕಾಕಾ. ಬಂದ ನೀರಷ್ಟೇ ನೀರು ಕೊಳಕಾಗಿ ಹೊರಗೆ ಹೋಗುತ್ತದಲ್ಲ? ನದಿಗೆ ಬಿಡುವ ಮೊದಲು ಅದನ್ನು ತೊಳೆಯಬೇಕು. ನೀವು ಒಂದು ಸಲ ಬಳಸುವ ನೀರನ್ನು ನಾವು ಎರಡು ಸಲ ಹೊರುತ್ತೇವೆ." ಬಾಣದ ಮೇಲೆ ಒಂದು ಸಣ್ಣ ಸುತ್ತು ಎಳೆದರು. "ಚೇಂಬರಿಗೆ ಮನುಷ್ಯರು ಇಳಿಯಬಾರದು. ಯಂತ್ರ ಬೇಕು. ಯಂತ್ರ ಪುಕ್ಕಟೆ ಬರುವುದಿಲ್ಲ."

ಗುಡಿಸುವವಳ ಗಂಡ ನೆನಪಾದ. ದರ ಏರಿದ್ದು ಸರಿ ಅಂತ ನನಗೆ ಅಲ್ಲೇ ಅನ್ನಿಸಿಬಿಟ್ಟಿತು. ತಡವಾಗಿ ಏರಿತು ಅಂತಲೂ. ಆದರೂ ನನ್ನ ಹುಳ ನನ್ನನ್ನು ಬಿಡಬೇಕಲ್ಲ. "ಬಾಯೀ, ಗಿಡದ ಬುಡಕ್ಕೆ ಸುರಿದ ನೀರು ಗಟಾರಕ್ಕೆ ಹೋಗುವುದಿಲ್ಲ. ಅದಕ್ಕೂ ಗಟಾರದ ದರ ಬೀಳುತ್ತದೆಯೇ?"

"ಮೀಟರಿಗೆ ಗಿಡ ಕಾಣುವುದಿಲ್ಲ ಕಾಕಾ. ಎಷ್ಟು ಸುರಿಯುತ್ತೀರಿ?"

"ಅರ್ಧ ಮಡಕೆ."

ಅವರು ನನ್ನನ್ನೇ ನೋಡಿದರು. "ಅಷ್ಟಕ್ಕೆ ರಜೆ ಹಾಕಿ ಬಂದಿರಾ?"

ಭಾನುವಾರ ಮೀಟಿಂಗು ನಡೆಯಿತು. ಕುರ್ಚಿ ಮುರಿಯಲಿಲ್ಲ. ಮಳೆ ಬರಲಿಲ್ಲ, ಛತ್ರಿಯನ್ನು ಕುರ್ಚಿಯ ಕೆಳಗೆ ಒದ್ದು ಮರೆಮಾಡಿದೆ. ಆ ಫಾರ್ಮಿನ ಚಿತ್ರವನ್ನು ದೊಡ್ಡದಾಗಿ ಬರೆದು ತಂದಿದ್ದೆ. ಪಂಪು, ಕೊಳವೆ, ಆ ಬಾಣ, ಎಲ್ಲ ಹೇಳಿದೆ. ಯಂತ್ರದ ಮಾತು ಬಂದಾಗ ಯಾರೂ ಕೆಮ್ಮಲಿಲ್ಲ ಕೂಡ. ಎಲ್ಲರಿಗೂ ಅದೇ ಒಬ್ಬ ಮನುಷ್ಯ ನೆನಪಾಗಿದ್ದ. ಸಿಟ್ಟಿಗೇಳಬೇಕಿದ್ದ ಫೋರ್‌ಮನ್ನರೇ ಮೊದಲು ಬಾಯಿಬಿಟ್ಟರು. "ಬರೋಬರ್ ಆಹೆ. ನಮ್ಮ ಹೊಲಸು, ನಾವೇ ಕೊಡಬೇಕು. ಮುಂದಿನ ವಿಷಯ?" ಮುಂದಿನ ವಿಷಯ ಇರಲಿಲ್ಲ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಭಾನುವಾರದ ಬೆಳಿಗ್ಗೆ, ಎಲ್ಲರ ಮನೆಯಲ್ಲೂ ನಾಷ್ಟಾದ ಮಿಸಳ ಆರುತ್ತಿತ್ತು. ಕುರ್ಚಿಗಳು ಹಿಂದೆ ಸರಿಯತೊಡಗಿದವು.

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಬರಬೇಕಾದ ಪೆಟ್ಟು ಬರದಿದ್ದರೆ ನನಗೆ ನಿಲ್ಲಲಾಗುವುದಿಲ್ಲ. ನಾನೇ ಹೋಗಿ ಬೆನ್ನು ಒಡ್ಡುತ್ತೇನೆ. ರಾತ್ರಿಯೆಲ್ಲ ತಯಾರಿಸಿಟ್ಟುಕೊಂಡ ಉತ್ತರ ಗಂಟಲಲ್ಲೇ ಇತ್ತು, ಪ್ರಶ್ನೆ ಮಾತ್ರ ಬಂದಿರಲಿಲ್ಲ.

"ಇನ್ನು ಆ ರಂಜಣಗಿಯ ವಿಷಯ," ಅಂದೆ. "ಅದನ್ನು ತೆಗೆಯುವುದು ಬೇಡ ಅಂತ ನನ್ನ ವಿನಂತಿ. ನಾಳೆಯಿಂದ ಹಿಂದಿನ ದಿನದ ನೀರು ಚೆಲ್ಲುವುದಿಲ್ಲ. ಕಡಿಮೆಯಾದಷ್ಟೇ ತುಂಬುತ್ತೇನೆ."

ಎಲ್ಲರೂ ಗೇಟಿನ ಕಡೆ ತಿರುಗಿ ನೋಡಿದರು, ಅಲ್ಲೊಂದು ಮಡಕೆ ಇದೆ ಎಂದು ಆಗಷ್ಟೇ ನೆನಪಾದವರ ಹಾಗೆ.

"ನಿಮ್ಮನ್ನು ಯಾರು ಕೇಳಿದರು ಹೋ?" ಅಂದರು ಫೋರ್‌ಮನ್ನರು. "ಅದು ಆಜೀದು. ಚೆಲ್ಲಿ, ತುಂಬಿ, ನಮ್ಮ ಗಂಟೇನು ಹೋಗುತ್ತದೆ?"

ಆದರೆ ಚೇರ್ಮನ್ನರು ಆಗಲೇ ಪೆನ್ನಿನ ಟೋಪಿ ತೆಗೆದಿದ್ದರು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕಳೆದವರು, ವರದಿ ಪುಸ್ತಕದಲ್ಲಿ ಒಂದಾದರೂ ಠರಾವು ಇಲ್ಲದ ಮೀಟಿಂಗು ಅವರಿಗೆ ಸೇರದು. "ಛಾನ್, ಒಳ್ಳೇ ಸೂಚನೆ," ಅಂತ ಬಾಯಲ್ಲಿ ಹೇಳುತ್ತಲೇ ಬರೆದುಕೊಂಡರು: ಸೆಕ್ರೆಟರಿಯವರ ಸ್ವಂತ ಸೂಚನೆಯಂತೆ, ನಿನ್ನೆಯ ನೀರನ್ನು ಚೆಲ್ಲತಕ್ಕದ್ದಲ್ಲ. ಕೆಳಗೆ ನನ್ನ ಸಹಿ.

ಮೇಲೆ ಬಂದಾಗ ಹೆಂಡತಿ ಬಾಲ್ಕನಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಯಾರೂ ಬೇಡಲಾರದ್ದನ್ನ ನೀವ ಹೋಗಿ ಕೊಟ್ಟು ಬಂದ್ರಿ," ಅಂದಳು. "ಅತ್ತಿಯವರು ಇದ್ರ..." ಅನ್ನುತ್ತ ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಎಚ್ಚರಾಗಿ ಹಾಸಿಗೆಯಲ್ಲಿ ಕಾದೆ. ಪೈಪಿನಲ್ಲಿ ನೀರು ಏರುವ ಸದ್ದು ಬಂತು, ಯಾರದೋ ಬಾತ್ರೂಮಿನ ಬಕೀಟಿನ ಸದ್ದು ಬಂತು. ಗೇಟಿನ ಕಡೆಯ ಸದ್ದು ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ನನ್ನ ಉಸಿರು ಅಡ್ಡ ಬರುತ್ತಿರಬೇಕು ಅಂತ ಅದನ್ನೂ ಹಿಡಿದುಕೊಂಡು ಕೇಳಿದೆ. ಇಲ್ಲ.

ಕೆಳಗಿಳಿದು ರಂಜಣಗಿಯ ಮುಚ್ಚಳ ತೆಗೆದೆ. ಮುಕ್ಕಾಲು ತುಂಬಿತ್ತು, ನೀರು ಅಷ್ಟು ತಿಳಿಯಾಗಿತ್ತು ಅಂದರೆ ತಳದ ಮಣ್ಣಿನ ಗೆರೆಗಳು ಕಾಣುತ್ತಿದ್ದವು. ಸುರಿಯಬಹುದಿತ್ತು. ಯಾರೂ ನೋಡುತ್ತಿರಲಿಲ್ಲ, ನೋಡಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಸಹಿ ಹಾಕಿದ್ದನ್ನು ಮುರಿಯುವ ಎದೆ ನನಗೆ ಯಾವತ್ತೂ ಇದ್ದಿಲ್ಲ. ಎರಡು ತಂಬಿಗೆ ಹೊಸ ನೀರು ಮೇಲೆ ಹಾಕಿ ಮುಚ್ಚಿದೆ. ಕೆಂಪು ಚಕ್ರ ಒಂದಿಷ್ಟು ಅಲುಗಿ ನಿಂತಿತು.

ಅವಳು ಬಂದಳು. ಕಿತ್ತಳೆ ಬಣ್ಣದ ಜಾಕೀಟು, ಕೈಗಾಡಿ, ಅದರ ಹಿಡಿಕೆಗೆ ಆಗಲೇ ಎರಡು ಪ್ಲಾಸ್ಟಿಕ್ ಚೀಲಗಳು. ನಾನು ಮೀಟರು ನೋಡುವವನ ಹಾಗೆ ಬಗ್ಗಿ ನಿಂತೆ. ಅವಳು ತಂಬಿಗೆ ಅದ್ದಿ ಎತ್ತಿ, ಬಾಯಿಗೆ ಒಂದು ಗುಟುಕು ಸುರಿದುಕೊಂಡು, ನಿಲ್ಲಿಸಿದಳು. ನೀರು ತಣ್ಣಗಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಇರಲಿಲ್ಲ. ಹೊರಗಿನವರು ಯಾರಾದರೂ ಕುಡಿದಿದ್ದರೆ ಎಂಥಾ ಒಳ್ಳೆಯ ನೀರು ಅನ್ನುತ್ತಿದ್ದರು.

"ದಾದಾ," ಅಂದಳು ಮರಾಠಿಯಲ್ಲಿ, ಮೆಲ್ಲಗೆ, "ಮೈಯಲ್ಲಿ ಹುಷಾರಿಲ್ಲವೇನು?"

"ಹೌದು," ಅಂದೆ. "ಸ್ವಲ್ಪ ಜ್ವರ."

"ಹಂಗಾದರೆ ಇಳಿದು ಯಾಕೆ ಬಂದಿರಿ? ಮಲಗಬೇಕಿತ್ತು." ತಂಬಿಗೆಯಲ್ಲಿ ಉಳಿದಿದ್ದನ್ನು ಒಮ್ಮೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ನನಗೆ ಬೇಸರವಾಗಬಾರದೆಂದು ಅಷ್ಟನ್ನೂ, ಒಂದು ಹನಿ ಬಿಡದೆ, ಕುಡಿದಳು. ತಂಬಿಗೆಯನ್ನು ಬೋರಲು ಹಾಕಿ ಗಾಡಿ ತಳ್ಳಿಕೊಂಡು ಹೋದಳು.

ಬೇವಿನ ಬುಡ ಒಣಗೇ ಇತ್ತು.