ಬುಧವಾರದ ಪಟ್ಟಿಯಲ್ಲಿ ಇಲ್ಲದ ಮನೆ

ಅಜ್ಜಿಯ ಮನೆಯ ಗೋಡೆಗೆ ಅಂದು ಸುಣ್ಣ ಬಳಿದಿತ್ತು ಎಂದು ನಾನು ಹೇಳುತ್ತೇನೆ. ಇಲ್ಲ, ಕೆಮ್ಮಣ್ಣು ಸಾರಿಸಿತ್ತು ಎನ್ನುತ್ತಾಳೆ ನನ್ನ ತಂಗಿ. ಇಬ್ಬರೂ ಅದೇ ಕೋಣೆಯಲ್ಲಿ, ಅದೇ ಸಂಜೆ, ಒಂದೇ ಗೋಡೆಗೆ ಒರಗಿ ಕೂತಿದ್ದೆವು. ಕಣ್ಣಿಗೆ ಕಂಡ ಬಣ್ಣವೇ ಹೀಗಾದರೆ ಆಡಿದ ಮಾತುಗಳ ಗತಿಯೇನು? ಇದನ್ನು ಬರೆಯಲು ಕೂತಾಗಲೆಲ್ಲ ಈ ಪ್ರಶ್ನೆಯೇ ಅಡ್ಡ ಬಂದು, ಎದ್ದು ಎರಡು ಸುತ್ತು ಹಾಕಿ ಮತ್ತೆ ಕೂರುತ್ತೇನೆ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳು. ನಾನು ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಬಿ.ಎ. ಮುಗಿಸಿ ದೊಡ್ಡಬಳ್ಳಾಪುರದ ಮನೆಗೆ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ. ದೇವರಲ್ಲಿ ನಂಬಿಕೆ ಹೋಗಿತ್ತು. ಎರಡನೆಯದು ಅಮ್ಮನಿಗೆ ಗೊತ್ತಿತ್ತು, ಆದರೆ ಅದನ್ನು ಅವಳು ನೆಗಡಿಯಂತೆ ನೋಡುತ್ತಿದ್ದಳು, ಬಂದದ್ದು ಹೋಗುತ್ತದೆ ಎಂಬ ಹಾಗೆ. ನಮ್ಮದು ಊರಿನಲ್ಲಿ ಒಂದು ಹಿಡಿಯಷ್ಟು ಜನರ ಕ್ರೈಸ್ತ ಸಭೆ. ಪಾದ್ರಿಗಳು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದರು. ಉಳಿದ ದಿನಗಳಲ್ಲಿ ಆರಾಧನೆ ನಡೆಸಲು ಒಬ್ಬರು ಉಪದೇಶಿಗಳಿದ್ದರು. ಇವರಿಬ್ಬರನ್ನೂ, ಮಿಕ್ಕ ಎಲ್ಲವನ್ನೂ, ನಡೆಸುತ್ತಿದ್ದುದು ಸ್ತ್ರೀ ಸಂಘ. ಸಂಘವನ್ನು ನಡೆಸುತ್ತಿದ್ದವಳು ನಮ್ಮಮ್ಮ.

ಸಂಘದ ಕೆಲಸಗಳಲ್ಲಿ ಎರಡು ನನಗೆ ಚೆನ್ನಾಗಿ ನೆನಪಿವೆ. ಒಂದು ಹಿಡಿರಾಗಿ. ಪ್ರತಿ ಮನೆಯ ಹೆಂಗಸೂ ರಾಗಿ ಬೀಸಲು ಕೂತಾಗ ಮೊದಲ ಒಂದು ಹಿಡಿಯನ್ನು ಕಲ್ಲಿಗೆ ಹಾಕದೆ ಪಕ್ಕದ ಗಡಿಗೆಗೆ ಹಾಕಬೇಕು. ಭಾನುವಾರ ಆ ಗಡಿಗೆಯ ರಾಗಿ ಚರ್ಚಿಗೆ ಬಂದು ಒಂದೇ ಚೀಲಕ್ಕೆ ಬೀಳುತ್ತಿತ್ತು. ಕಪ್ಪು ರಾಗಿ, ಕೆಂಪು ರಾಗಿ, ಕಲ್ಲು ಸೇರಿದ್ದು, ಕೇರಿ ಹಸನು ಮಾಡಿದ್ದು ಎಲ್ಲ ಬೆರೆತು, ಇಲ್ಲದವರ ಮನೆಗೆ ಹೋಗುತ್ತಿತ್ತು. ಇನ್ನೊಂದು ಬುಧವಾರದ ಮನೆ ಪ್ರಾರ್ಥನೆ. ಸರದಿಯ ಮೇಲೆ ಒಂದೊಂದು ವಾರ ಒಂದೊಂದು ಮನೆ. ಸೀಮೆಎಣ್ಣೆಗೂ ರೇಷನ್ ಬಂದಿದ್ದರಿಂದ ದೀಪ ಹಚ್ಚುವ ಮೊದಲೇ ಮುಗಿಸುತ್ತಿದ್ದರು. ಕೀರ್ತನೆ, ಬೈಬಲ್ ವಾಕ್ಯ, ಆಮೇಲೆ ಆ ಮನೆಯವರು ಬಾಯಿಗೆ ಏನಾದರೂ ಕೊಡಬೇಕು. ಮನೆಯವರು ಯಾರನ್ನು ಕೇಳಿಕೊಳ್ಳುತ್ತಾರೋ ಅವರೇ ಕೊನೆಯ ಪ್ರಾರ್ಥನೆ ಮಾಡಬೇಕು.

ಈ ಎರಡರ ನಡುವೆ ಒಂದು ಕಟ್ಟಳೆ ಇತ್ತು. ಹಿಡಿರಾಗಿ ತೆಗೆದುಕೊಳ್ಳುವ ಮನೆಯನ್ನು ಸರದಿಯಿಂದ ಬಿಡುತ್ತಿದ್ದರು. ಅದರಲ್ಲಿ ಕೀಳುಭಾವ ಏನೂ ಇರಲಿಲ್ಲ. ಉಣ್ಣುವುದಕ್ಕೇ ಇಲ್ಲದವರ ಮೇಲೆ ಹತ್ತಿಪ್ಪತ್ತು ಜನರ ಉಪಚಾರದ ಹೊರೆ ಯಾಕೆ ಎಂಬ ಕನಿಕರ. ನಾನು ಆ ಕಟ್ಟಳೆಯನ್ನು ಮೆಚ್ಚಿದ್ದೆ ಕೂಡ. ನಿಮ್ಮ ಸಭೆಯಲ್ಲಿ ತರ್ಕಬದ್ಧವಾದದ್ದು ಇದೊಂದೇ ಎಂದು ಅಮ್ಮನಿಗೆ ಹೇಳಿದ್ದೆ. ನನ್ನ ಅಕ್ಷರ ದುಂಡಗಿದ್ದುದರಿಂದ ಸರದಿಯ ಪಟ್ಟಿ ಬರೆದು ಚರ್ಚಿನ ಬಾಗಿಲ ಹಿಂಬದಿಗೆ ಅಂಟಿಸುವ ಕೆಲಸ ನನ್ನ ತಲೆಗೆ ಬಂತು. ಆ ವರ್ಷ ಒಂದು ಮನೆ ಬಿಟ್ಟು ಬರೆದೆ. ಅದು ಅಜ್ಜಿಯ ಮನೆ.

ಆಕೆ ಯಾರಿಗೂ ಸ್ವಂತ ಅಜ್ಜಿಯಲ್ಲ, ಆದ್ದರಿಂದ ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಗಂಡ, ಮಕ್ಕಳು ಇರಲಿಲ್ಲ. ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು. ನೂಲಿಗೆ ಕಂಟ್ರೋಲು ಬಂದು ಮಗ್ಗಗಳು ಒಂದೊಂದಾಗಿ ನಿಂತಾಗ ಆಕೆಯ ಕೆಲಸವೂ ನಿಂತಿತು. ಹಿಡಿರಾಗಿ ಶುರುವಾಯಿತು. ಅದಾದ ಮೇಲೂ ಆಕೆ ಒಂದು ಬುಧವಾರವನ್ನೂ ತಪ್ಪಿಸುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ, ಕೊಟ್ಟದ್ದನ್ನು ತಿಂದು ಹೋಗುತ್ತಿದ್ದಳು. ಸಂತೋಷವಾಗಿದ್ದಾಳೆ ಎಂದೇ ನಾವೆಲ್ಲ ತಿಳಿದಿದ್ದೆವು.

ಒಂದು ಭಾನುವಾರ ಆರಾಧನೆ ಮುಗಿದು ಜನ ಚದುರುತ್ತಿದ್ದಾಗ ಆಕೆ ನನ್ನನ್ನು ಬಾಗಿಲ ಹತ್ತಿರ ತಡೆದಳು.

"ಮಗ, ಇದನ್ನೊಂದು ಓದ್ಬುಡು. ನಂಗೆ ಅಕ್ಷರ ಬರಾಕಿಲ್ಲ."

ಓದಿದೆ. ಮೇಷ್ಟರ ಮನೆ, ಪೋಸ್ಟ್‌ಮನ್ ಮನೆ, ನಮ್ಮ ಮನೆ, ಹೀಗೆ ಆಗಿಹೋದ ವಾರಗಳು. ಕೊನೆಯಲ್ಲಿ ಬರುವ ಬುಧವಾರದ ಕಾಂಪೌಂಡರ ಮನೆ. ಅಲ್ಲಿಗೆ ಆ ಸುತ್ತಿನ ಪಟ್ಟಿ ಮುಗಿಯಿತು, ಹೊಸದನ್ನು ನಾನಿನ್ನೂ ಬರೆದಿರಲಿಲ್ಲ.

ಆಕೆಯ ಬೆರಳು ಕಾಗದದ ಮೇಲೆ, ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿತ್ತು. ನೂಲು ಎಳೆದು ಎಳೆದು ಆ ಬೆರಳಿನಲ್ಲಿ ಒಂದು ಗೀರು ಬಿದ್ದಿತ್ತು.

"ಆಮ್ಯಾಕೆ?" ಅಂದಳು.

"ಆಮೇಲೆ..." ಎಂದೆ. ಬೆರಳು ಅಲುಗಲಿಲ್ಲ. "ಆಮೇಲಿನ ಬುಧವಾರ ನಿಮ್ಮನೆ ಅಜ್ಜಿ."

ಯಾಕೆ ಹಾಗೆ ಹೇಳಿದೆ? ಮರುಕದಿಂದ ಎಂದು ಬರೆಯಬಹುದು. ಬೇಗ ಮನೆಗೆ ಹೋಗುವ ಆತುರ ಇತ್ತು ಎಂದೂ ಬರೆಯಬಹುದು, ಯಾಕೆಂದರೆ ಭಾನುವಾರ ನಮ್ಮ ಮನೆಯಲ್ಲಿ ಮಾಂಸದ ಸಾರು. ತಂಗಿ ಹೇಳುವುದೇ ಬೇರೆ. ನಾನು ಸುಳ್ಳು ಓದಲೇ ಇಲ್ಲವಂತೆ, ಅಜ್ಜಿಯ ಮನೆಯನ್ನು ಮೊದಲಿನಿಂದಲೇ ಪಟ್ಟಿಯಲ್ಲಿ ಬರೆದಿದ್ದೆನಂತೆ. ಅವಳ ನೆನಪಿನಲ್ಲಿ ನಾನು ಒಳ್ಳೆಯವನು. ನನ್ನ ನೆನಪು ನನಗೆ ಅನುಕೂಲವಾಗಿಲ್ಲದ ಕಡೆ ಅದನ್ನು ಸ್ವಲ್ಪ ನಂಬಬಹುದು ಎಂದುಕೊಂಡಿದ್ದೇನೆ. ಆದರೆ ತಪ್ಪೊಪ್ಪಿಕೊಳ್ಳುವುದರಲ್ಲೂ ಒಂದು ಜಂಬ ಇರುತ್ತದಲ್ಲ.

ಯಾರಿಗೂ ಹೇಳಲಿಲ್ಲ. ನಾಳೆ ಹೇಳೋಣ ಎಂದು ಒಂದು ವಾರ ದೂಡಿದೆ. ಕಾಂಪೌಂಡರ ಮನೆಯ ಬುಧವಾರವೂ ಆಯಿತು. ನಾನು ಎಂದಿನಂತೆ ಹೊರಗೆ ಜಗಲಿಯ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದೆ. ಒಳಗೆ ಅಜ್ಜಿ ಎಂದಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಹೊರಡುವಾಗ ಅವಳು ಕಾಂಪೌಂಡರ ಹೆಂಡತಿಗೆ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ನನ್ನ ಕಡೆ ನೋಡಿ ನಕ್ಕಳು. ಸರದಿಯ ಸುದ್ದಿ ಎಲ್ಲರಿಗೂ ಹೇಳುವುದು ನನ್ನ ಕೆಲಸ ಎಂದು ಬಿಟ್ಟಿದ್ದಳು ಅಂತ ಕಾಣುತ್ತದೆ.

ಸೋಮವಾರ ಬೆಳಿಗ್ಗೆ ಆಕೆ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ತಾಯಿ, ಒಂದು ದೊಡ್ಡ ಚಾಪೆ ಇದ್ರೆ ಕೊಡಿ. ನಂದು ಹರ್ದದೆ. ಬುಧವಾರ ಜನ ಬತ್ತಾರಲ್ಲ."

"ಯಾವ ಜನ ಅಜ್ಜಿ?" ಅಂದಳು ಅಮ್ಮ.

"ಅದೇ, ಪ್ರಾರ್ಥನೇಗೆ. ನಮ್ಮನೆ ಸರ್ದಿ ಅಲ್ವಾ. ನಿಮ್ಮ ಮಗ ಪಟ್ಟೀಲಿ ಓದುದ್ನಲ್ಲ."

ನಾನು ಒಳಗೆ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಕತ್ತಿ ಗಲ್ಲದ ಮೇಲೇ ನಿಂತಿತು. ಅಮ್ಮ ಒಳಬಂದು ನನ್ನನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಹೊಸ ಚಾಪೆಯನ್ನು ಎತ್ತಿ ಅಜ್ಜಿಗೆ ಕೊಟ್ಟು ಕಳಿಸಿದಳು. ಆಮೇಲೆ ತಿರುಗಿ ಬಂದಳು.

"ಲೋ, ಪಟ್ಟೀಲಿ ಇದೆಯೇನೋ ಅವರ ಮನೆ?"

"ಇಲ್ಲ."

"ಮತ್ತೆ?"

"ಓದ್ಬಿಟ್ಟೆ."

"ಇಲ್ಲದ್ದನ್ನ ಓದೋದು ಕಲಿಸಿದ್ರಾ ಮೈಸೂರಲ್ಲಿ?" ಎಂದಳು. ನನಗೆ ನಗು ಬಂತು, ಅವಳು ನಗಲಿಲ್ಲ. "ಉಣ್ಲಿ ಅಂತ ರಾಗಿ ಕೊಡ್ತೀವಿ. ಈಗ ನಾವೇ ಹೋಗಿ ಅದನ್ನ ತಿಂದ್ಬರೋದಾ? ಆಕೆ ನಾಲ್ಕು ದಿನ ಉಪವಾಸ ಬಿದ್ರೆ ಯಾರು ನೋಡ್ತಾರೋ?"

"ಹಂಗಾದ್ರೆ ಬೇಡ ಅಂತ ಹೇಳಿ ಬರ್ತೀನಿ."

"ಚಾಪೆ ತಗೊಂಡು ಹೋದವಳಿಗಾ?"

ಅಷ್ಟು ಹೇಳಿ ಅವಳು ಒಲೆಯ ಮುಂದೆ ಕೂತಳು. ಒಂದು ಸೌದೆಯನ್ನು ಒಳಕ್ಕೆ ದೂಡಿದಳು. ಆಮೇಲೆ, ನನಗಲ್ಲ, ಒಲೆಗೆ ಹೇಳುವಂತೆ ಹೇಳಿದಳು: "ಎಲ್ಲರ ಮನೇಲೂ ತಿಂದು ಬರ್ತಿದ್ಲು. ಒಬ್ಬರನ್ನೂ ಬನ್ನಿ ಅನ್ನೋ ಹಂಗಿರ್ಲಿಲ್ಲ. ನಮಗೆ ಗೊತ್ತಾಗ್ಲಿಲ್ಲವಲ್ಲ."

ಮಧ್ಯಾಹ್ನ ಅಮ್ಮ ಉಪದೇಶಿಗಳ ಮನೆಗೂ, ಸಂಘದ ಹೆಂಗಸರ ಮನೆಗಳಿಗೂ ಹೋಗಿ ಬಂದಳು. ಉಪದೇಶಿಗಳು ಸಂಜೆ ಬೀದಿಯಲ್ಲಿ ಸಿಕ್ಕಿದವರು, "ಏನಪ್ಪಾ ಬಿ.ಎ.ನೋರೆ, ಕಣ್ಣಿಗೆ ಕಾಣದ್ದನ್ನ ನಂಬೋದು ನಮ್ಮ ಕೆಲಸ ಅಂದ್ಕೊಂಡಿದ್ದೆ. ನೀವೂ ಶುರು ಮಾಡಿದ್ರಾ?" ಎಂದರು. ನನ್ನ ಬೆನ್ನು ತಟ್ಟಿದರು. ಅವರೊಡನೆ ಅಷ್ಟು ವಾದ ಮಾಡಿದ್ದೆ, ಅವರು ಗೆದ್ದದ್ದು ಅದೊಂದೇ ಸಲ.

ಹೆಂಗಸರು ಬರಲು ಒಪ್ಪಿದ್ದರು. ಆದರೆ ಅಜ್ಜಿಗೆ ಖರ್ಚು ಬೀಳಬಾರದೆಂದು ತಿಂಡಿಯನ್ನು ನಾವೇ ಒಯ್ಯುವುದೆಂದು ತೀರ್ಮಾನವಾಗಿತ್ತು. ರವೆ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಅಮ್ಮ ಎಲ್ಲಿಂದಲೋ ತಂದು ದೊಡ್ಡ ಪಾತ್ರೆಯ ತುಂಬ ಉಪ್ಪಿಟ್ಟು ಮಾಡಿದಳು. ಬುಧವಾರ ನಾಲ್ಕೂವರೆಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ತಲೆಯ ಮೇಲಿಟ್ಟಳು. ಪಟ್ಟಿ ಓದಿದವನೇ ಹೊರಬೇಕು ಎಂದಳು.

ಒಂದೇ ಕೋಣೆಯ ಮನೆ. ಸುಣ್ಣವೋ ಕೆಮ್ಮಣ್ಣೋ, ಗೋಡೆ ಇನ್ನೂ ಹಸಿಯಾಗಿತ್ತು, ಒರಗಿದವರ ಬೆನ್ನಿಗೆಲ್ಲ ಅಂಟಿತು. ನಮ್ಮ ಚಾಪೆ ನಡುವೆ ಹಾಸಿತ್ತು. ಕೆಲಸವಿಲ್ಲದ ರಾಟೆಯನ್ನು ಮೂಲೆಗೆ ಸರಿಸಿ ಅದರ ಮೇಲೆ ಒಗೆದ ಸೀರೆ ಹೊದಿಸಿದ್ದಳು. ಅಮ್ಮ ಹೊಸ್ತಿಲು ದಾಟಿದವಳು ಒಂದು ಗಳಿಗೆ ನಿಂತಳು. ಒಲೆಯ ಪಕ್ಕ ಮುತ್ತುಗದ ಎಲೆಗಳನ್ನು ತೊಳೆದು ಒಂದರ ಮೇಲೊಂದು ಜೋಡಿಸಿತ್ತು. ಹುರಿದ ರಾಗಿಯ ವಾಸನೆ ಮನೆ ತುಂಬಿತ್ತು. ಅಮ್ಮ ಹಿಂದಕ್ಕೆ ಬಂದು ನನ್ನ ಕಿವಿಯಲ್ಲಿ, "ಅದನ್ನ ಒಳಗೆ ತಂದ್ಯೋ ಜೋಕೆ" ಎಂದಳು.

ಹೀಗಾಗಿ ನಾನು ಜಗಲಿಯ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ, ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಗ್ಗರಣೆಯ ವಾಸನೆ ಬೀದಿಗೆಲ್ಲ ಹರಡಿತು. ಎರಡು ನಾಯಿಗಳು ಬಂದು ಎದುರಿಗೆ ಕೂತವು. ಒಳಗೆ ಕೀರ್ತನೆ ಮುಗಿಯಿತು, ವಾಕ್ಯ ಮುಗಿಯಿತು. ಆಮೇಲೆ ಅಜ್ಜಿ ಬಾಗಿಲಿಗೆ ಬಂದು, "ಒಳಕ್ಕೆ ಬಾ ಮಗ. ನಮ್ಮನೇಲಿ ಯಾರೂ ಹೊರಗೆ ಕೂರಂಗಿಲ್ಲ" ಎಂದಳು. ಪಾತ್ರೆಯ ಕಡೆ ನೋಡಿದಳು. "ಅದು ಅಲ್ಲೇ ಇರ್ಲಿ" ಎಂದಳು.

ಪಾತ್ರೆಯನ್ನು ಜಗಲಿಯ ಗೂಡಿನಲ್ಲಿ ಎತ್ತರಕ್ಕಿಟ್ಟು ಒಳಗೆ ಹೋದೆ, ತಂಗಿಯ ಪಕ್ಕದಲ್ಲಿ ಜಾಗ ಮಾಡಿಕೊಂಡೆ.

ಆಕೆ ಕೊಟ್ಟದ್ದು ಹುರಿಹಿಟ್ಟು. ರಾಗಿಯನ್ನು ನೆನೆಸಿ, ಹುರಿದು ಅರಳಿಸಿ, ಬೀಸಿ, ಬೆಲ್ಲ ಬೆರೆಸಿದ್ದು. ಬೆಲ್ಲ ತೂಬಗೆರೆ ಕಡೆಯ ಯಾರೋ ಗಾಡಿಯವರು ಕೊಟ್ಟದ್ದಂತೆ. ಎಲೆ ಎಲೆಗೂ ತಾನೇ ಬಂದು, ಚಮಚವಿಲ್ಲದೆ, ಒಂದೊಂದು ಹಿಡಿ ಇಟ್ಟಳು. ಎಲ್ಲರಿಗೂ ಒಂದೇ ಅಳತೆ, ಉಪದೇಶಿಗಳಿಗೂ.

ಕಾಂಪೌಂಡರ ಹೆಂಡತಿ ತಡೆಯಲಾರದೆ ಕೇಳಿಬಿಟ್ಟಳು: "ಇಷ್ಟೊಂದು ರಾಗಿ ಎಲ್ಲಿತ್ತು ಅಜ್ಜಿ?"

"ನೀವೇ ಕೊಟ್ಟಿದ್ದಲ್ವಾ. ಬೀಸಾಕೆ ಕೂತಾಗ ಮೊದ್ಲು ಹಿಡಿ ಗಡಿಗೇಗೆ ಹಾಕ್ತಿದ್ದೆ. ನೀವೂ ಹಂಗೇ ತಾನೇ ಮಾಡಾದು?" ಎಂದಳು. "ಚರ್ಚಿಗೆ ತಂದು ಕೊಟ್ಟಿದ್ರೆ ನಿಮ್ಮ ಸಂಘದೋರು ತಗಳ್ತಿರ್ಲಿಲ್ಲ. ಅದುಕ್ಕೇ ನಿಮ್ಮನ್ನೇ ಇಲ್ಲಿಗೆ ಕರ್ಸ್ಕೊಂಡೆ."

ಎಲ್ಲರೂ ತಿಂದರು. ಹುರಿಹಿಟ್ಟು ಬಾಯಲ್ಲಿದ್ದಾಗ ಹೇಗೂ ಮಾತಾಡಲಾಗುವುದಿಲ್ಲ.

ಆಮೇಲೆ ಮನೆಯವರು ಕೊನೆಯ ಪ್ರಾರ್ಥನೆಗೆ ಒಬ್ಬರನ್ನು ಕೇಳಬೇಕು. ಉಪದೇಶಿಗಳು ಆಗಲೇ ಗಂಟಲು ಸರಿಮಾಡಿಕೊಂಡಿದ್ದರು. ಅಜ್ಜಿ ನನ್ನನ್ನು ಕೇಳಿದಳು.

ಬೇಡ ಎನ್ನುವುದು ಆ ಮನೆಯಲ್ಲಿ, ಅವತ್ತು, ಆಗದ ಮಾತು. ಮಾಡುವುದು ನನ್ನಿಂದ ಆಗದ ಮಾತು. ಅಮ್ಮ ನೆಲ ನೋಡುತ್ತಿದ್ದಳು. "ಅಜ್ಜಿ, ನಂಗೆ ಬರಲ್ಲ" ಎಂದೆ.

"ಬರದಿದ್ರೆ ಪಟ್ಟಿ ಓದು," ಎಂದಳು. "ಅವತ್ತು ಓದ್ದಲ್ಲ, ಹಂಗೇ."

ಅವಳಿಗೆ ಮೊದಲೇ ಗೊತ್ತಿತ್ತೇ? ಬೇರೆ ಯಾರಿಂದಲೋ ಆಗಲೇ ಓದಿಸಿಕೊಂಡು, ಅಲ್ಲಿ ತನ್ನ ಮನೆ ಇಲ್ಲವೆಂದು ತಿಳಿದೇ, ಬರೆದವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಳೇ? ಆ ಕ್ಷಣ ಹಾಗೆನಿಸಿತು. ಅಥವಾ ಇಷ್ಟು ವರ್ಷಗಳಲ್ಲಿ ಎಂದೋ ಅನಿಸಿದ್ದನ್ನು ತಂದು ಆ ಕ್ಷಣದಲ್ಲಿ ಇಡುತ್ತಿದ್ದೇನೆ. ಕೇಳಬಹುದಾಗಿತ್ತು. ಆಕೆ ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದಳು, ನಾನು ಕೇಳಲಿಲ್ಲ.

ಎಲ್ಲರೂ ಕಣ್ಣು ಮುಚ್ಚಿದರು. ನಾನು ಕಣ್ಣು ತೆರೆದುಕೊಂಡೇ ಓದಿದೆ, ಎದುರಿಗೆ ಕಾಗದವಿಲ್ಲದೆ. ಮೇಷ್ಟರ ಮನೆ. ಪೋಸ್ಟ್‌ಮನ್ ಮನೆ. ನಮ್ಮ ಮನೆ. ಒಂದೊಂದು ಮನೆ ಹೇಳಿದಾಗಲೂ ಆ ಮನೆಯವರ ತಲೆ ಇನ್ನಷ್ಟು ಬಾಗುತ್ತಿತ್ತು. ಕಾಂಪೌಂಡರ ಮನೆ. ಆಮೇಲೆ ಅಜ್ಜಿಯ ಮನೆ ಎಂದೆ.

ಆಮೆನ್ ಎಂದಳು ಅಜ್ಜಿ, ಎಲ್ಲರಿಗಿಂತ ಮೊದಲು.

ವಾಪಸು ಬರುವಾಗ ಉಪ್ಪಿಟ್ಟಿನ ಪಾತ್ರೆಯನ್ನು ಅಮ್ಮನೇ ಹೊತ್ತಳು. ಅವತ್ತೂ ಮರುದಿನ ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಅದೇ ಊಟ. ಭಾನುವಾರ ಹೊಸ ಪಟ್ಟಿ ಬರೆದೆ, ಯಾವ ಮನೆಯನ್ನೂ ಬಿಡದೆ. ಅಂಟಿಸುವ ಮೊದಲು ಅಮ್ಮ ತನ್ನ ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ನಾನು ಬರೆದದ್ದು ನಿಜವಾಗಿ ಅಲ್ಲಿದೆಯೇ ಎಂದು ನೋಡಿದಳು.