ಕುಲುಮೆಯ ನೆತ್ತಿ ಕಾಯುವ ಕಮಾನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಜಿನ ಕಾರ್ಖಾನೆಯ ದೊಡ್ಡ ಕುಲುಮೆಯ ನೆತ್ತಿಯ ಬಳಿ, ಕಬ್ಬಿಣದ ಅಟ್ಟದಲ್ಲಿ, ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಕಿಂಡಿಯೊಳಗೆ ಇಣುಕುತ್ತಿದ್ದಾರೆ. ಕಣ್ಣಿಗೆ ಅಡ್ಡವಾಗಿ ನೀಲಿ ಗಾಜಿನ ತುಂಡು. ಅದಿಲ್ಲದೆ ನೋಡಿದರೆ ಒಳಗಿರುವುದು ಬರೀ ಬಿಳಿ ಬೆಂಕಿ. ಅದನ್ನಿಟ್ಟು ನೋಡಿದರೆ ಇಟ್ಟಿಗೆಯ ಕಮಾನು, ಅದರ ಒಂದೊಂದು ಸಂದೂ ಕಾಣುತ್ತದೆ. ಕಾರ್ಖಾನೆಯವರೆಲ್ಲ ಇವರನ್ನು ಕರೆಯುವುದು ಕಮಾನಕ್ಕ ಎಂದೇ. ಸಂಬಳದ ದಿನ ನಿಜವಾದ ಹೆಸರು ಕೂಗಿದರೆ ಅವರೇ ಒಂದು ಕ್ಷಣ ತಡಬಡಾಯಿಸುತ್ತಾರೆ.

ಹದಿನೈದು ದಿನ ಜ್ವರದಲ್ಲಿ ಮಲಗಿದ್ದವರು ಇವತ್ತೇ ಮತ್ತೆ ಮೇಲೆ ಹತ್ತಿದ್ದಾರೆ. ಆ ಹದಿನೈದು ದಿನವೂ ಅವರಿಗೆ ನಿದ್ದೆ ಹತ್ತಿಲ್ಲ. ಬದಲಿಗೆ ಬಂದವನು ಅಟ್ಟ ಹತ್ತಿ, ಮುಖಕ್ಕೆ ಝಳ ಹೊಡೆದ ಕೂಡಲೇ ಇಳಿದುಬಿಡುತ್ತಿದ್ದ ಎಂಬುದು ಅವರಿಗೆ ಗೊತ್ತು. "ಹೆದರೋದಕ್ಕೇ ನಂಗೆ ಸಂಬಳ ಕೊಡ್ತಾರೆ ನೋಡಿ," ಎಂದು ನಗುತ್ತಾರೆ. "ಧೈರ್ಯವಂತರು ಈ ಕೆಲಸಕ್ಕೆ ಆಗಲ್ಲ. ಎರಡು ದಿನ ಏನೂ ಆಗ್ಲಿಲ್ಲ ಅಂದ್ರೆ ಮೂರನೇ ದಿನ ನೋಡೋದೇ ಬಿಟ್ಬಿಡ್ತಾರೆ."

ಹೆದರುವಂಥದ್ದು ಅಲ್ಲೇನಿದೆ? ಕೆಳಗೆ ಕುದಿಯುತ್ತಿರುವುದು ಮರಳು. ಮೇಲಿನ ಕಮಾನು ಕಟ್ಟಿರುವುದೂ ಮರಳಿನ ಇಟ್ಟಿಗೆಯಲ್ಲೇ, ಎರಡೂ ಸಿಲಿಕಾ. ಬರೀ ಮರಳು ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಅದಕ್ಕೇ ಸೋಡಾ ಪುಡಿ ಬೆರೆಸುತ್ತಾರೆ. ಆದರೆ ಸೋಡಾದ ಆವಿ ಮೇಲೇರಿ ಇಟ್ಟಿಗೆಯ ಸಂದಿಗೂ ಕೈಹಾಕುತ್ತದೆ. ಕೆಳಗಿನ ಮರಳನ್ನು ಕರಗಿಸಿದ್ದು ಮೇಲಿನದನ್ನು ಸುಮ್ಮನೆ ಬಿಟ್ಟೀತೇ? ಕಮಾನಕ್ಕನಿಗೆ ಇದನ್ನು ಬಿಡಿಸಿ ಹೇಳಿದ್ದು ಕಾರ್ಖಾನೆಯ ಇಂಜಿನಿಯರ್. "ಸಿಲಿಕಾನು, ಆಕ್ಸಿಜನ್ನು ಒಬ್ರ ಕೈ ಒಬ್ರು ಹಿಡ್ಕೊಂಡು ಬಲೆ ಥರ ನಿಂತಿರ್ತವಂತೆ. ಸೋಡಾ ಬಂದು ಕೈ ಬಿಡಿಸತ್ತಂತೆ," ಎನ್ನುವಾಗ ಅವರು ತಮ್ಮ ಎರಡು ಕೈಯನ್ನೂ ಬಿಗಿಯಾಗಿ ಹೆಣೆದು ತೋರಿಸುತ್ತಾರೆ.

ಕುಲುಮೆಯ ಬಾಯಿಗೆ ಮರಳು, ಸೋಡಾ, ಸುಣ್ಣ ಉಣಿಸುವ ಕೆಲಸ ಅವರ ತಂಗಿಯದು. ಅಮ್ಮ ಹೋದಾಗ ಮಾತೂ ಸರಿಯಾಗಿ ಬಾರದ ಕೂಸು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಕ್ಕನೇ. ಇಬ್ಬರಿಗೂ ಸಂಸಾರವಿಲ್ಲ, ಇರುವುದು ಕಾರ್ಖಾನೆಯ ಹಿಂದಿನ ಬೀದಿಯ ಒಂದೇ ಕೋಣೆಯಲ್ಲಿ. ಕಮಾನು ಕುಸಿದರೆ ಬೆಂಕಿ ಮೊದಲು ನುಗ್ಗುವುದು ಆ ಬಾಯಿಯಿಂದಲೇ. ಅಕ್ಕ ದಿನಾ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಇಟ್ಟಿಗೆಯನ್ನಲ್ಲ, ತಂಗಿಯ ತಲೆಯ ಮೇಲಿನ ಸೂರನ್ನು.

ಕಿಂಡಿಯ ಪಕ್ಕ ತಾವು ಕೂರುವ ಜಾಗದಲ್ಲಿ ಇವತ್ತು ಎಂದಿನ ಝಳ ಇಲ್ಲ. ಬಗ್ಗಿ ನೋಡಿದರೆ ಅಲ್ಲೊಂದು ಬಿಳಿ ಹಾಸು. ಶಾಖ ತಡೆಯಲು ಗೋಡೆಗೆ ಹೊದಿಸುವ, ಉಣ್ಣೆಯಂಥ ಹಾಸು. ಕಮಾನಿನ ಸಂದಿನ ಮೇಲೆ ಯಾರೋ ಅಚ್ಚುಕಟ್ಟಾಗಿ ಹಾಸಿಬಿಟ್ಟಿದ್ದಾರೆ. ಸಂದು ಬಾಯಿಬಿಟ್ಟರೆ ಸಿಲಿಕಾದ ಗಾರೆ ಗಿಡಿದು ತುಂಬಬೇಕೇ ಹೊರತು ಹೊದಿಕೆ ಹಾಕಬಾರದು. ಹೊದಿಕೆಯಡಿ ಸಿಕ್ಕಿಕೊಂಡ ಆವಿ ಸಂದಿನಲ್ಲೇ ಹನಿಗಟ್ಟಿ ಕೂತು ಇಟ್ಟಿಗೆಯನ್ನು ಒಳಗಿಂದೊಳಗೇ ತಿನ್ನುತ್ತದೆ, ಹೊರಗಿನವರಿಗೆ ಸುಳಿವೂ ಸಿಗುವುದಿಲ್ಲ.

ಕೊಕ್ಕೆಯಿಂದ ಹಾಸನ್ನು ಎಳೆಯುತ್ತಾರೆ. ನಾಣ್ಯದಗಲದ ತೂತು, ಒಳಗೆ ಕೆಂಡ. ಸರಳು ತೂರಿಸಿ ಸುತ್ತ ಆಡಿಸಿದರೆ ಎಲ್ಲೂ ತಗಲುವುದಿಲ್ಲ. ಮಡಕೆಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು.

ಅಟ್ಟದ ಕಂಬಕ್ಕೆ ಸರಳಿನಿಂದ ಬಡಿಯುತ್ತಾರೆ, ನಿಲ್ಲಿಸದೆ ಬಡಿಯುತ್ತಾರೆ. ಆ ಸದ್ದು ಕೇಳಿದರೆ ಕೈಲಿದ್ದದ್ದು ಕೈಲೇ ಬಿಟ್ಟು ಬಾಗಿಲ ಕಡೆ ಓಡಬೇಕು. ಕೆಳಗೆ ಜನ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ಒಬ್ಬಳು ಮಾತ್ರ ಆ ನೂಕುನುಗ್ಗಲಿಗೆ ಎದುರಾಗಿ, ಏಣಿಯ ಕಡೆಗೆ ಬರುತ್ತಿದ್ದಾಳೆ.

"ಹೋಗೇ! ಹೊರಗೆ ಹೋಗೇ!" ಅಕ್ಕ ಗಂಟಲು ಹರಿಯುವಂತೆ ಕಿರುಚುತ್ತಾರೆ. ತಂಗಿ ಆಗಲೇ ಅಟ್ಟದ ಮೇಲಿದ್ದಾಳೆ.

"ನಿಂಗೇನಾಯ್ತಕ್ಕಾ? ಬಿದ್ಯಾ?" ಏದುಸಿರು. ಆಮೇಲೆ ಪಕ್ಕಕ್ಕೆಳೆದ ಹಾಸು ಕಣ್ಣಿಗೆ ಬೀಳುತ್ತದೆ, ಅದರ ಜಾಗದಲ್ಲಿನ ತೂತೂ ಕಾಣುತ್ತದೆ. "ಅಯ್ಯೋ... ಅದು ನಾನೇ ಹಾಕಿದ್ದು, ನೀನು ಮಲಗಿದ ವಾರದಲ್ಲೇ. ಜ್ವರದಿಂದ ಎದ್ದು ಬರ್ತೀಯ, ಕಾಲು ಸುಡದೆ ಇರ್ಲಿ ಅಂತ."

ಬಯ್ಯಲು ಪುರುಸೊತ್ತಿಲ್ಲ. ಕೆಳಗೆ ಇಂಜಿನಿಯರ್ ಉರಿ ತಗ್ಗಿಸುತ್ತಾರೆ, ಆದರೆ ಪೂರಾ ಆರಿಸುವಂತಿಲ್ಲ. ಗಡಿಬಿಡಿಯಲ್ಲಿ ಆರಿದರೆ ಇಡೀ ಕಮಾನೇ ಬಿರಿಯುತ್ತದೆ. ತಣ್ಣನೆಯ ಮಾಮೂಲಿ ಇಟ್ಟಿಗೆಯನ್ನು ಆ ಬೆಂಕಿಗೆ ತುರುಕಿದರೆ ಅದೂ ಹಿಗ್ಗಿ ಸಿಡಿಯುತ್ತದೆ. ಇದಕ್ಕೆಂದೇ ಕರಗಿಸಿ ಎರಕ ಹೊಯ್ದ ಸಿಲಿಕಾದ ಗಟ್ಟಿಯೊಂದು ಮೂಲೆಯಲ್ಲಿದೆ. ಪದಾರ್ಥ ಅದೇ, ಒಳಗಿನ ಜೋಡಣೆ ಬೇರೆ: ಹರಳಿನಂತೆ ಸಾಲುಗಟ್ಟದೆ ಗಾಜಿನಂತೆ ಚೆದುರಿ ನಿಂತಿರುವುದರಿಂದ ಎಂಥ ಶಾಖಕ್ಕೂ ಅದು ಅಷ್ಟಾಗಿ ಹಿಗ್ಗುವುದಿಲ್ಲ. ತೂತಿನ ತೆಳ್ಳಗಾದ ಅಂಚನ್ನು ಕೆಡವಿ, ಇಕ್ಕಳದಲ್ಲಿ ಹಿಡಿದು ಅದನ್ನು ಕೂರಿಸಬೇಕು. ಕಮಾನಕ್ಕ ಜೀವ ಕೈಯಲ್ಲಿ ಹಿಡಿದು ಅಂಚು ಕುಟ್ಟುತ್ತಾರೆ. ಒಂದು ಚೂರು ಒಳಗೆ ಬೀಳುತ್ತದೆ, ಮತ್ತೊಂದು ಬೀಳುತ್ತದೆ. ಪಕ್ಕದ ಇಟ್ಟಿಗೆ ಕಿರ್ರೆನ್ನುತ್ತದೆ. ಹಿಂದೆ ನಿಂತ ತಂಗಿ ಅಕ್ಕನ ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಇಂಜಿನಿಯರ್ ಇಳಿ ಎಂದರೂ ಬಿಡುವುದಿಲ್ಲ.

ಸಿಲಿಕಾ ಗಟ್ಟಿ ತೂತಿನಲ್ಲಿ ಕೂರುತ್ತದೆ. ಸುತ್ತ ಗಾರೆ ಗಿಡಿದು ಮುಗಿಸುತ್ತಾರೆ. ಕಮಾನು ನಿಂತಿದೆ.

ಸಂಜೆ ಕೋಣೆಯಲ್ಲಿ ಅಕ್ಕ ಮಂಚದ ಮೇಲೆ ಕಾಲು ಚಾಚಿದ್ದಾರೆ. ತಂಗಿ ಅವರ ಸುಟ್ಟ ಬೆರಳುಗಳಿಗೆ ಮುಲಾಮು ಹಚ್ಚುತ್ತಿದ್ದಾಳೆ.

"ನನ್ ಮೇಲೆ ಸಿಟ್ಟಾ?"

"ಸಿಟ್ಟೇ. ಹಾಸು ಹಾಕಿದ್ದಕ್ಕಲ್ಲ. ಮೇಲಕ್ಕೆ ಓಡಿ ಬಂದ್ಯಲ್ಲ, ಅದಕ್ಕೆ."

ಆಸೆ ಏನು ಎಂದು ಕೇಳಿದರೆ ಕಮಾನಕ್ಕ ಬಹಳ ಯೋಚಿಸುವುದಿಲ್ಲ. ದೊಡ್ಡ ಮನೆ ಬೇಡ, ಕೆಳಗಿನ ತಂಪು ಕೆಲಸವೂ ಬೇಡ. "ಇನ್ನೊಂದ್ ಸಲ ನಾನು ಕಂಬ ಬಡಿದ್ರೆ ಇವಳು ಬಾಗಿಲ ಕಡೆ ಓಡ್ಲಿ. ಅಷ್ಟು ಸಾಕು." ತಂಗಿಯ ಗದ್ದ ಹಿಡಿದೆತ್ತಿ, "ಓಡ್ತೀನಿ ಅನ್ನೇ," ಎನ್ನುತ್ತಾರೆ.

ತಂಗಿ ಗದ್ದ ಬಿಡಿಸಿಕೊಂಡು ಇನ್ನೊಂದು ಬೆರಳಿಗೆ ಮುಲಾಮು ಹಚ್ಚುತ್ತಾಳೆ.