ಮಾಸ್ಟ್ರ ಉಸಿರಿಗೆ ಬ್ಯಾಟರಿ ಕೊಡುವ ಲೋಕಯ್ಯ

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಓದುಗರು ಮನ್ನಿಸಬೇಕು. ವಿದ್ಯುತ್ತಿನ ಬಗ್ಗೆ ಸಂಜೆ ಕಾಲೇಜಿನಲ್ಲಿ ಕಲಿತಷ್ಟೇ ನನಗೆ ಗೊತ್ತು, ಉಸಿರಾಟದ ಬಗ್ಗೆ ಅಷ್ಟೂ ಗೊತ್ತಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸಿದ್ದೇನೆ. ಎಲ್ಲಿ ತಾಳೆಯಾಗಲಿಲ್ಲವೋ ಅಲ್ಲಿ ತಾಳೆಯಾಗಲಿಲ್ಲವೆಂದೇ ಬರೆದಿದ್ದೇನೆ.

ಬೆಳಗಿನ ಐದೂವರೆ. ಮಣ್ಣಗುಡ್ಡದ ಒಂದು ಓಣಿಯ ಕೊನೆಯಲ್ಲಿರುವ ಹಂಚಿನ ಶೆಡ್ಡು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಸದ್ದು ಕೇಳುತ್ತದೆ. ನಿದ್ದೆಯಲ್ಲಿರುವ ಹತ್ತಾರು ಮಂದಿ ಬಾಯಿಯಲ್ಲಿ ನೀರಿಟ್ಟುಕೊಂಡು ಉಸಿರಾಡಿದ ಹಾಗೆ. ಒಳಗೆ ಮನುಷ್ಯರು ಯಾರೂ ಇಲ್ಲ. ರಾತ್ರಿಯಿಡೀ ಚಾರ್ಜಿಗೆ ಇಟ್ಟ ಹನ್ನೆರಡು ಬ್ಯಾಟರಿಗಳು ಸಾಲಾಗಿ ಕುಳಿತಿವೆ. ಒಂದೊಂದಕ್ಕೂ ಆರು ಬಾಯಿ, ಎಲ್ಲದರ ಮುಚ್ಚಳವೂ ತೆರೆದಿದೆ, ಒಳಗೆ ಆಸಿಡ್ ಗುಳುಗುಳು ಎನ್ನುತ್ತಿದೆ.

ಐವತ್ತಾರು ವರ್ಷದ ಲೋಕಯ್ಯ ದೀಪ ಹಾಕುವುದಿಲ್ಲ. ಮೊದಲು ಎರಡು ನಿಮಿಷ ಕತ್ತಲೆಯಲ್ಲಿ ನಿಂತು ಕಿವಿಗೊಡುತ್ತಾರೆ.

"ತುಂಬಿದ್ದು ಜೋರು ಮಾತಾಡ್ತದೆ. ಅರ್ಧ ಆದದ್ದು ಪಿಸುಗುಟ್ಟುದು," ಎನ್ನುತ್ತಾರೆ. "ಮಾತಾಡದೆ ಕೂತದ್ದು ಉಂಟಲ್ಲ, ಅದರ ಹತ್ತಿರ ಸ್ವಲ್ಪ ಜಾಗ್ರತೆ."

ಆಮೇಲೆ ಗೂಡಿನಿಂದ ಹೈಡ್ರೋಮೀಟರ್ ತೆಗೆಯುತ್ತಾರೆ. ತುದಿಯಲ್ಲಿ ರಬ್ಬರಿನ ಚೆಂಡಿರುವ ಗಾಜಿನ ಕೊಳವೆ. ಬ್ಯಾಟರಿಯ ಬಾಯಿಗಿಟ್ಟು ಆಸಿಡ್ ಎಳೆದರೆ ಒಳಗಿನ ಬುರುಡೆ ತೇಲಿ ಅಂಕಿ ತೋರಿಸುತ್ತದೆ. ಸಾವಿರದ ಇನ್ನೂರ ಐವತ್ತು ಬಂದರೆ ತುಂಬಿದೆ, ಸಾವಿರದ ನೂರಕ್ಕೆ ಇಳಿದರೆ ಸತ್ತಿದೆ. ಹನ್ನೆರಡು ಬ್ಯಾಟರಿ, ಎಪ್ಪತ್ತೆರಡು ಬಾಯಿ. ಲೋಕಯ್ಯ ಒಂದನ್ನೂ ಬಿಡುವುದಿಲ್ಲ. ಮೊದಲು ಹೀಗಿರಲಿಲ್ಲವಂತೆ. ಬ್ಯಾಟರಿಗೊಂದು ಬಾಯಿ ನೋಡಿ, ತುಂಬಿದ್ದರೆ ಪಕ್ಕಕ್ಕೆ ಸೀಮೆಸುಣ್ಣದ ಗೀಟು ಎಳೆದು ಮುಗಿಸುತ್ತಿದ್ದರು. ಕಳೆದ ವರ್ಷದ ಆಯುಧಪೂಜೆಯ ಮೇಲೆ ಅವರು ಗೀಟು ಎಳೆಯುವುದನ್ನೇ ಬಿಟ್ಟಿದ್ದಾರೆ.

ಲೋಕಯ್ಯ ಹದಿನೇಳನೆಯ ವಯಸ್ಸಿನಲ್ಲಿ ಬಸ್ಸಿನ ವರ್ಕ್‌ಶಾಪಿಗೆ ಸೇರಿದ್ದು ಗಾಡಿ ತೊಳೆಯಲು. ಬ್ಯಾಟರಿ ನೋಡುವವರ ಕಣ್ಣಿಗೆ ಆಸಿಡ್ ಹಾರಿದ ದಿನ ಆ ಕೆಲಸ ಇವರಿಗೆ ಬಂತು. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ, ಹದಿನೈದು ವರ್ಷದ ಹಿಂದೆ, ಸ್ವಂತಕ್ಕೆ ಈ ಶೆಡ್ಡು ಹಾಕಿದರು. ಕರೆಂಟು ಹೋಗುತ್ತಲೇ ಇದ್ದ ಆ ವರ್ಷಗಳಲ್ಲಿ ಮದುವೆಯ ಮೈಕಿನವರು, ನಾಟಕದವರು ಎಲ್ಲ ಇವರಲ್ಲಿಗೇ ಬರುತ್ತಿದ್ದರು. ಬಸ್ಸಿನ ಬ್ಯಾಟರಿ ನಲವತ್ತು ಕಿಲೋ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ಎತ್ತುವುದರಿಂದ ಆಸಿಡ್ ತಾಗಿ ಇವರ ಎಲ್ಲ ಅಂಗಿಗಳೂ ಹೊಕ್ಕುಳಿನ ಸುತ್ತ ಜರಡಿಯಾಗಿವೆ. "ಹೊಸ ಅಂಗಿ ತಂದರೆ ನಾನೇ ಮೊದಲು ತೂತು ಮಾಡಿ ಕೊಡ್ತೇನೆ, ಆಮೇಲೆ ಬೇಜಾರ ಬೇಡ ಅಂತ," ಎಂದು ಹೆಂಡತಿ ಕುಶಲಾ ನಗುತ್ತಾರೆ.

ಕಳೆದ ವರ್ಷದ ಆರಂಭದಲ್ಲಿ ಲೋಕಯ್ಯನವರಿಗೆ ಬೇರೆಯೇ ಬಗೆಯ ಗಿರಾಕಿ ಸಿಕ್ಕಿದರು. ನಿವೃತ್ತ ಶಿಕ್ಷಕ, ಇಪ್ಪತ್ತಾರು ವರ್ಷಗಳಿಂದ ಸ್ಕೌಟ್ ಶಿಬಿರ ನಡೆಸುತ್ತಿರುವ ಗುಣಪಾಲ ಮಾಸ್ಟ್ರು. ದೊಡ್ಡ ಆಳು, ದಪ್ಪ ಕತ್ತು. ನಿದ್ದೆ ಬಂದೊಡನೆ ಅವರ ಗಂಟಲು ಮುಚ್ಚಿಕೊಳ್ಳುತ್ತಿತ್ತು.

"ಗೊರಕೆ ಇದ್ದರೆ ನನಗೆ ಸಮಾಧಾನ," ಎನ್ನುತ್ತಾರೆ ಅವರ ಪತ್ನಿ ಸ್ನೇಹಲತಾ. "ಅದು ನಿಲ್ತದಲ್ಲ, ಆಗ ನಾನು ಎದ್ದು ಕೂತು ಎಣಿಸುದು. ಮೂವತ್ತು, ನಲವತ್ತು. ಒಮ್ಮೆ ಐವತ್ತೆಂಟರವರೆಗೆ ಹೋಗಿದ್ದೆ. ಮತ್ತೆ ನೀರಿಂದ ಎದ್ದವರ ಹಾಗೆ ಒಂದು ಉಸಿರು."

ಬೊಂಬಾಯಿಯ ಡಾಕ್ಟರು ಒಂದು ಯಂತ್ರದ ಹೆಸರು ಬರೆದುಕೊಟ್ಟರು. ಸ್ನೇಹಲತಾ ಅವರ ತಮ್ಮ, ಹಡಗಿನ ಇಂಜಿನಿಯರ್ ಚಿತ್ತರಂಜನ ಅದನ್ನು ಹೊರದೇಶದಿಂದ ತಂದರು. ಹೊಲಿಗೆ ಯಂತ್ರದಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಸೊಂಡಿಲಿನಂಥ ಕೊಳವೆ, ಕೊನೆಗೆ ಮೂಗಿಗೆ ಬಿಗಿಯುವ ರಬ್ಬರಿನ ಮುಖವಾಡ. ರಾತ್ರಿಯಿಡೀ ಅದು ಹೂ... ಎಂದು ಗಾಳಿ ಒತ್ತುತ್ತ ಗಂಟಲನ್ನು ತೆರೆದಿಡುತ್ತದೆ. ಗಾಳಿ ನಿಂತರೆ ಅಪಾಯ. ಆಗ ಗಂಟಲು ಮುಚ್ಚುವುದಷ್ಟೇ ಅಲ್ಲ, ಮೂಗು ರಬ್ಬರಿನೊಳಗೆ ಸಿಕ್ಕಿ, ಬಿಟ್ಟ ಉಸಿರನ್ನೇ ಮತ್ತೆ ಎಳೆಯಬೇಕು.

ಮನೆಯಲ್ಲಿ ಕರೆಂಟು ಉಂಟು. ಕೂಳೂರು ಸೇತುವೆಯ ಆಚೆ, ಕಡಲಿಗೆ ಹತ್ತಿರದ ಹೊಳೆದಂಡೆಯ ಗುಡಾರದಲ್ಲಿ ಎಲ್ಲಿಂದ? ಶಿಬಿರ ಬಿಡಲು ಮಾಸ್ಟ್ರು ಒಪ್ಪಲಿಲ್ಲ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನ ಹಾಗೆ ಮಾಡುವ ಪೆಟ್ಟಿಗೆಯೊಂದನ್ನು ಬಿಜೈಯ ರೇಡಿಯೊ ರಿಪೇರಿಯ ಸಂಕಪ್ಪ ಮಾಡಿಕೊಟ್ಟರು. ತುಂಬಿದ ಬಸ್ ಬ್ಯಾಟರಿ ಒಂದಿದ್ದರೆ ಎಂಟು ಗಂಟೆ ಎಂದು ಲೋಕಯ್ಯ ಲೆಕ್ಕ ಹಾಕಿ, ಶೆಡ್ಡಿನಲ್ಲಿ ನಾಲ್ಕು ಸಲ ಓಡಿಸಿ ನೋಡಿದರು. ಮೇ ತಿಂಗಳ ಶಿಬಿರದಲ್ಲಿ ಎರಡು ರಾತ್ರಿ ಯಾವ ತೊಂದರೆಯೂ ಇಲ್ಲದೆ ಕಳೆಯಿತು. ದಸರೆ ರಜೆಯ ಶಿಬಿರ ಶುರುವಾದದ್ದು ಆಯುಧಪೂಜೆಯ ದಿನ.

ಆ ದಿನ ನಮ್ಮೂರಲ್ಲಿ ಕಸುಬಿನ ಸಾಮಾನುಗಳಿಗೆ ರಜೆ. ಕುಶಲಾ ಬೆಳಿಗ್ಗೆಯೇ ಬ್ಯಾಟರಿಗಳನ್ನೆಲ್ಲ ಸೋಡಾ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಗಂಧ ಕುಂಕುಮ ಹಚ್ಚಿ, ದೇವರ ಪಟದ ಮುಂದೆ ಎತ್ತರದ ಪ್ರಕಾರ ಜೋಡಿಸಿದ್ದರು. ಸೀಮೆಸುಣ್ಣದ ಗೀಟುಗಳು ಬಚ್ಚಲಿಗೆ ಹೋಗಿದ್ದವು. ಮಾಸ್ಟ್ರಿಗೆಂದು ತುಂಬಿಸಿಟ್ಟ ಬ್ಯಾಟರಿಯ ಪಕ್ಕದಲ್ಲೇ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಕೂತಿತ್ತು. ಎರಡು ದಿನದ ಹಿಂದೆ ಲಾರಿಯೊಂದರಿಂದ ಸತ್ತು ಬಂದದ್ದು.

"ಹೈಡ್ರೋಮೀಟರ್ ಹಾಕಿದ್ದರೆ ಅರ್ಧ ನಿಮಿಷದ ಕೆಲಸ," ಎನ್ನುತ್ತಾರೆ ಲೋಕಯ್ಯ. "ಆದರೆ ಅದು ಮಣೆಯ ಮೇಲೆ, ಹೂವಿನ ಅಡಿಯಲ್ಲಿ ಉಂಟು. ಮರುದಿನದ ವರೆಗೆ ಮುಟ್ಲಿಕ್ಕೆ ಇಲ್ಲ. ಇಕ್ಕುಳ, ವಯರು ಎಲ್ಲ ಅಲ್ಲೇ. ಬ್ಯಾಟರಿ ಒಂದನ್ನು ಮಾತ್ರ ದೇವರ ಅಪ್ಪಣೆ ಕೇಳಿ ಎತ್ತಿದೆ. ಮೂವತ್ತೆಂಟು ವರ್ಷ ಆಯಿತು, ನನಗೆ ಕಣ್ಣಲ್ಲೇ ಗೊತ್ತಾಗ್ತದೆ ಅಂತ ಎಣಿಸಿದೆ. ಅದು ಅಹಂಕಾರ, ಬೇರೆ ಎಂತ ಅಲ್ಲ."

ಓಣಿಯ ಉಳಿದ ರಿಕ್ಷಾಗಳು ಹೂ ಮುಡಿದು ನಿಂತಿದ್ದವು. ಓಡುತ್ತಿದ್ದದ್ದು ಅಬ್ದುಲ್ಲನವರದು. "ಇವತ್ತು ನಿಮ್ಮ ದೇವರಿಗೂ ನನ್ನ ರಿಕ್ಷಾವೇ ಗತಿ ಅಲ್ವಾ ಲೋಕಯ್ಯಣ್ಣ," ಎಂದು ಗೇಲಿ ಮಾಡುತ್ತ ಅವರು ಸಂಜೆ ಬ್ಯಾಟರಿಯನ್ನು ಕೂಳೂರಿಗೆ ಒಯ್ದರು. ಸೇತುವೆಯ ಹತ್ತಿರದ ಹೊಂಡಕ್ಕೆ ರಿಕ್ಷಾ ಬಿದ್ದು ಬ್ಯಾಟರಿಯ ಒಂದು ಮೂಲೆ ಒಡೆಯಿತು, ಆಸಿಡ್ ಸೋರಲಿಲ್ಲ. ಶಿಬಿರದ ಅಡುಗೆಯ ರಾಫೆಲ್, ಮೇ ತಿಂಗಳಲ್ಲಿ ಕಲಿತಂತೆ, ಕೆಂಪು ಕ್ಲಿಪ್ಪು ಕೆಂಪಿಗೆ ಹಾಕಿ ಯಂತ್ರ ಚಾಲೂ ಮಾಡಿದರು. ಗಾಳಿ ಬಂತು. ಮಾಸ್ಟ್ರು ಮಲಗಿದರು.

"ಸತ್ತ ಬ್ಯಾಟರಿಯಲ್ಲೂ ಐದು ನಿಮಿಷದ ಜೀವ ಇರ್ತದೆ," ಎನ್ನುತ್ತಾರೆ ಲೋಕಯ್ಯ. "ಅದೇ ಮೋಸ ಮಾಡುದು."

ಮರುದಿನ ಬೆಳಗಿನ ಜಾವ ಲೋಕಯ್ಯ ಹೂ ತೆಗೆದು, ಹೈಡ್ರೋಮೀಟರನ್ನು ಕಣ್ಣಿಗೊತ್ತಿಕೊಂಡು, ಸಾಲಿನಲ್ಲಿ ಮೊದಲಿದ್ದ, ಲಾರಿಯದೆಂದೇ ಎಣಿಸಿದ್ದ ಬ್ಯಾಟರಿಗೆ ಇಳಿಸಿದರು. ಬುರುಡೆ ಸಾವಿರದ ಇನ್ನೂರ ಐವತ್ತರಲ್ಲಿ ತೇಲಿತು. ಶಿಬಿರದಲ್ಲಿ ಇರಬೇಕಾದದ್ದು ಶೆಡ್ಡಿನಲ್ಲೇ ಇತ್ತು.

ಅಬ್ದುಲ್ಲನವರನ್ನು ಎಬ್ಬಿಸಿದ್ದು, ಬ್ಯಾಟರಿ ಎತ್ತಿದ್ದು ಯಾವುದೂ ಲೋಕಯ್ಯನವರಿಗೆ ಸರಿಯಾಗಿ ನೆನಪಿಲ್ಲ. "ದಾರಿಯುದ್ದಕ್ಕೂ," ಎನ್ನುತ್ತಾರೆ ಅಬ್ದುಲ್ಲ, "ಆ ಗ್ಲಾಸಿನ ಕೊಳವೆ ಹಿಡಿದು ಕೂತಿದ್ದಾರೆ ಮಾರಾಯ್ರೆ, ಕೂಸು ಹಿಡಿದ ಹಾಗೆ." ಹೊಳೆಯ ಮೇಲೆ ಮಂಜು ಕೂತಿತ್ತು, ಗುಡಾರಗಳ ತುದಿಗಳಷ್ಟೇ ಕಾಣುತ್ತಿದ್ದವು. ಎಂಜಿನ್ ನಿಲ್ಲಿಸಿದಾಗ ಇಬ್ಬರಿಗೂ ಅದು ಕೇಳಿಸಿತು. ಹೂ... ಎಂಬ ಗಾಳಿಯ ಸದ್ದು, ತಡೆಯಿಲ್ಲದೆ. ಅಬ್ದುಲ್ಲನವರನ್ನು ನಾನು ಬೇರೆಯಾಗಿ ಕೇಳಿದೆ. ಅವರೂ ಹಾಗೆಯೇ ಹೇಳಿದರು.

"ಬದುಕಿದೆ ಅಂತ ನಾನು ಅಲ್ಲೇ ಕೂತುಬಿಟ್ಟೆ," ಎನ್ನುತ್ತಾರೆ ಲೋಕಯ್ಯ. "ಮತ್ತೆ ಗುಡಾರದ ಬಟ್ಟೆ ಸರಿಸಿದೆ. ಸದ್ದು ನಿಂತಿತು. ನಿಂತಿತು ಅಂತ ಹೇಗೆ ಹೇಳುದು, ಒಳಗೆ ಸದ್ದೇ ಇರಲಿಲ್ಲ. ಯಂತ್ರಕ್ಕೆ ಕೈ ಇಟ್ಟೆ. ತಣ್ಣಗೆ ಉಂಟು. ರಾತ್ರಿ ಓಡಿದ ಯಂತ್ರ ಬಿಸಿ ಇರಬೇಕಲ್ಲ. ಇದು ಬಾವಿಕಟ್ಟೆಯ ಕಲ್ಲಿನ ಹಾಗೆ. ಸಂಕಪ್ಪನ ಪೆಟ್ಟಿಗೆಯೂ ಹಾಗೆಯೇ. ಆರು ಬಾಯಿಯೂ ನೋಡಿದೆ. ಸಾವಿರದ ನೂರು, ಸಾವಿರದ ನೂರು, ಎಲ್ಲ ಒಂದೇ."

ಮಾಸ್ಟ್ರು ಮುಖವಾಡ ಬಿಗಿದುಕೊಂಡೇ ಅಂಗಾತ ಮಲಗಿದ್ದರು. ಬಾಯಿ ಮುಚ್ಚಿತ್ತು. ಗೊರಕೆಯಿಲ್ಲ, ತಡೆಯಿಲ್ಲ. ಎದೆ ಏರುತ್ತಿತ್ತು, ಇಳಿಯುತ್ತಿತ್ತು.

ಪಕ್ಕದ ಗುಡಾರದಲ್ಲಿ ಮಲಗಿದ್ದ ರಾಫೆಲ್ ಹೇಳುವುದು ಇಷ್ಟು: "ಬೆಳಿಗ್ಗೆ ವರೆಗೆ ಅದರ ಸದ್ದು ಇತ್ತು. ನನಗೆ ನಿದ್ದೆ ಕಮ್ಮಿ. ನಿಂತಿದ್ದರೆ ನನಗೆ ಗೊತ್ತಾಗದೆ ಇರ್ತದಾ?"

ಎಚ್ಚರವಾದ ಮಾಸ್ಟ್ರು ಮುಖವಾಡ ಬಿಚ್ಚಿ ಮೈ ಮುರಿದರು. "ಎಂತ ಲೋಕಯ್ಯ, ಇಷ್ಟು ಬೇಗ? ಒಳ್ಳೆ ನಿದ್ದೆ ಮಾರಾಯ. ಮನೆಯಲ್ಲೂ ಇಂಥದ್ದು ಬಂದಿಲ್ಲ. ಗಾಳಿ ಮಾತ್ರ ಇವತ್ತು ಸ್ವಲ್ಪ ತಣ್ಣಗಿತ್ತು. ಉಪ್ಪು ಉಪ್ಪು ವಾಸನೆ."

ಲೋಕಯ್ಯ ಮೂಲೆ ಒಡೆದಿದೆ ಎಂದು ನೆಪ ಹೇಳಿ ಬ್ಯಾಟರಿ ಬದಲಾಯಿಸಿ ಹಿಂದಿರುಗಿದರು. ಲಾರಿಯವರಿಗೆ ಬೇರೆ ಬ್ಯಾಟರಿ ಕೊಟ್ಟು ಅದನ್ನು ತಾವೇ ಇಟ್ಟುಕೊಂಡರು. ಆಮೇಲೆ ಮೂರು ಸಲ ಚಾರ್ಜಿಗೆ ಇಟ್ಟರೂ ಅದು ಹಿಡಿಯಲಿಲ್ಲ, ಒಂದು ಗುಳ್ಳೆಯೂ ಏಳಲಿಲ್ಲ. ಈಗ ಶೆಡ್ಡಿನ ಮೂಲೆಯಲ್ಲಿದೆ. ಕುಂಕುಮ ಹಾಗೆಯೇ ಉಂಟು. ಗುಜರಿಗೆ ಹಾಕಲು ಮನಸ್ಸಿಲ್ಲ, ಬಿಚ್ಚಿ ನೋಡಲು ಧೈರ್ಯವಿಲ್ಲ. ತಿಂಗಳಿಗೊಮ್ಮೆ ನೀರು ಮಾತ್ರ ತುಂಬಿಸುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಈ ವರ್ಷದ ದಸರೆ ಶಿಬಿರಕ್ಕೆ ಮಾಸ್ಟ್ರು ಚೀಟಿ ಕಳಿಸಿದ್ದಾರೆ: "ಕಳೆದ ಸಲದ, ಮೂಲೆ ಒಡೆದ ಬ್ಯಾಟರಿಯೇ ಬೇಕು. ಅದರಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ." ಲೋಕಯ್ಯ ಆ ಚೀಟಿಯನ್ನು ನಾಲ್ಕು ದಿನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದರು. ಹೇಳದೆ ಬೇರೆಯದನ್ನು ಕಳಿಸಬಹುದಿತ್ತು. ಹೇಳಿದರೆ ಮಾಸ್ಟ್ರು ಇನ್ನೆಂದೂ ತಮ್ಮ ಬ್ಯಾಟರಿ ನಂಬಿ ಕಣ್ಣು ಮುಚ್ಚಲಿಕ್ಕಿಲ್ಲ ಎಂಬ ಹೆದರಿಕೆ. ಮಾಸ್ಟ್ರಿಗೆ ತಿಳಿಯದೆ ಇದನ್ನು ಅಚ್ಚು ಹಾಕಿಸುವುದು ನನಗೂ ಸರಿ ಕಾಣಲಿಲ್ಲ. ಕಳೆದ ಭಾನುವಾರ ಇಬ್ಬರೂ ಅವರ ಮನೆಗೆ ಹೋದೆವು.

ಲೋಕಯ್ಯ ಕೂರಲಿಲ್ಲ, ನಿಂತೇ ಹೇಳಿದರು. ಸ್ನೇಹಲತಾ ಒಳಗೆ ಹೋಗಿ ಬಾಗಿಲ ಹಿಂದೆ ನಿಂತರು. ಮಾಸ್ಟ್ರು ತಮ್ಮ ಗಂಟಲನ್ನು ಬೆರಳಿನಿಂದ ಸವರಿಕೊಂಡರು.

"ನೀವು ಸತ್ತದ್ದು ಕಳಿಸಿದ್ದು ತಪ್ಪೇ," ಎಂದರು. "ಒಂದು ವರ್ಷ ಹೇಳದೆ ಕೂತದ್ದು ಅದಕ್ಕಿಂತ ದೊಡ್ಡ ತಪ್ಪು."

"ಹೌದು ಮಾಸ್ಟ್ರೇ."

"ಈ ಸಲ ತುಂಬಿದ್ದು ಉಂಟಾ?"

"ಆರು ಬಾಯಿಯೂ ನಾನೇ ನೋಡಿ, ನಾನೇ ತಂದು, ಬೆಳಿಗ್ಗೆ ವರೆಗೆ ಗುಡಾರದ ಹೊರಗೆ ಕೂರ್ತೇನೆ."

ಮಾಸ್ಟ್ರು ತಲೆಯಾಡಿಸಿದರು. ಗೇಟಿನ ತನಕ ಬಂದ ಮೇಲೆ ತಗ್ಗಿದ ದನಿಯಲ್ಲಿ, "ಅದನ್ನೂ ತನ್ನಿ. ಕನೆಕ್ಷನ್ ಬೇಡ. ಹತ್ತಿರ ಇರಲಿ ಸಾಕು," ಎಂದರು.

ಈ ವರ್ಷದ ಆಯುಧಪೂಜೆಯಲ್ಲಿ ಹೈಡ್ರೋಮೀಟರ್ ಮಣೆಯ ಮೇಲೆ ಏರುವುದಿಲ್ಲ. ಕುಶಲಾ ಒಪ್ಪಿದ್ದಾರೆ. "ಅದು ಕೆಲಸ ಮಾಡ್ಲಿ. ನಾನು ದೇವರ ಹತ್ತಿರ ಹೇಳ್ತೇನೆ." ಲೋಕಯ್ಯನವರಿಗೆ ಆಸೆಯೆಂದು ಇರುವುದು ಒಂದೇ: ಈ ಶಿಬಿರದ ಬೆಳಿಗ್ಗೆ ಯಂತ್ರಕ್ಕೆ ಕೈ ಇಟ್ಟಾಗ ಅದು ಬಿಸಿಯಾಗಿರಬೇಕು.

ಆ ರಾತ್ರಿ ಏನಾಯಿತೆಂದು ನಾನು ತಿಳಿದವರನ್ನು ಕೇಳಿದೆ. ರಾಫೆಲ್ ಕೇಳಿದ್ದು ಕಡಲಿನ ಸದ್ದಿರಬಹುದು ಎಂದರು ಸಂಕಪ್ಪ. ಒಂದು ರಾತ್ರಿ ಯಂತ್ರವಿಲ್ಲದಿದ್ದರೂ ಮನುಷ್ಯ ಬದುಕುತ್ತಾನೆ ಎಂದರು ಒಬ್ಬ ಡಾಕ್ಟರು. ಬಾಯಿ ಮುಚ್ಚಿ, ಗೊರಕೆಯಿಲ್ಲದೆ ಹೇಗೆ ಮಲಗಿದ್ದರು ಎಂದು ಕೇಳಿದ್ದಕ್ಕೆ ಮುಂದಿನ ರೋಗಿಯನ್ನು ಕರೆದರು. ಮೊನ್ನೆ ಬೆಳಿಗ್ಗೆ ಶೆಡ್ಡಿನ ಕತ್ತಲೆಯಲ್ಲಿ ಲೋಕಯ್ಯನವರ ಜೊತೆ ನಾನೂ ಎರಡು ನಿಮಿಷ ಕಿವಿಗೊಟ್ಟು ನಿಂತೆ. ಹನ್ನೆರಡು ಬ್ಯಾಟರಿಗಳೂ ಮಾತಾಡುತ್ತಿದ್ದವು. ಮೂಲೆಯದು ಸುಮ್ಮನಿತ್ತು. ಆ ರಾತ್ರಿ ಮಾಸ್ಟ್ರಿಗೆ ಗಾಳಿ ಎಲ್ಲಿಂದ ಬಂತೆಂದು ಲೋಕಯ್ಯನವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.